ಪ್ರತಿಕ್ರಿಯೆ: ಪಿಎಚ್‌ಡಿ ಇದ್ದರೂ ಆರು ವರ್ಷ ಕಾಯಬೇಕಾ?

ಮೇಡಂ, ಪಿಎಚ್‌ಡಿ ಮುಗಿಸಿಯೇ ಕಾಲೇಜಿಗೆ ಸೇರಿ ನಾಲ್ಕು ವರ್ಷವಾಯಿತು, ಆದರೂ ಬಡ್ತಿ ಕೇಳಿದರೆ ಆಫೀಸಿನಲ್ಲಿ ಆರು ವರ್ಷ ಆಗಲಿ ಅಂತಾರೆ ಎಂದು ಕೇಳಿದ್ದೀರಿ. ಕಾಯಬೇಕಾಗಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ವೇತನದ ಮೊದಲ ಹಂತವಾದ ಲೆವೆಲ್ 10ರಿಂದ ಮುಂದಿನ ಲೆವೆಲ್ 11ಕ್ಕೆ ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂ.ಫಿಲ್‌ಗೆ 5. ಎರಡೂ ಇಲ್ಲದವರಿಗೆ ಮಾತ್ರ 6.

ಆದರೆ ವರ್ಷ ತುಂಬಿದರೆ ಸಾಲದು. ಪಾಠ ಮಾಡುವ ವಿಧಾನದ 21 ದಿನದ ತರಬೇತಿ, ಅಂದರೆ ಓರಿಯೆಂಟೇಶನ್ ಕೋರ್ಸ್, ಆಗಿದೆಯಾ? ಅದರ ಜೊತೆಗೆ ಒಂದು ರಿಫ್ರೆಶರ್ ಕೋರ್ಸ್ ಅಥವಾ ಸರ್ಟಿಫಿಕೇಟ್ ಇರುವ ಆನ್‌ಲೈನ್ ಕೋರ್ಸ್ ಕೂಡ ಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ನನ್ನ ಸಹೋದ್ಯೋಗಿಯೊಬ್ಬರ ಓರಿಯೆಂಟೇಶನ್ ಸರ್ಟಿಫಿಕೇಟ್ ಹಳೇ ಉತ್ತರಪತ್ರಿಕೆ ಕಟ್ಟಿನೊಳಗೆ ಸೇರಿಹೋಗಿತ್ತು. ಹುಡುಕಿ ತೆಗೆಯುವಷ್ಟರಲ್ಲಿ ಬಡ್ತಿ ಸಮಿತಿಯ ಸಭೆ ಮುಗಿದಿತ್ತು, ಪಾಪ. ನೀವು ಇವತ್ತೇ ಒಂದು ಫೈಲ್ ಮಾಡಿ: ನೇಮಕಾತಿ ಆದೇಶ, ಡ್ಯೂಟಿಗೆ ಹಾಜರಾದ ಪತ್ರ, ಪ್ರತಿ ವರ್ಷದ ಟೈಮ್‌ಟೇಬಲ್. ಕೊಟ್ಟ ಕ್ಲಾಸುಗಳಲ್ಲಿ ಶೇ. 80 ಅಥವಾ ಅದಕ್ಕಿಂತ ಹೆಚ್ಚು ತಗೊಂಡಿದ್ದರೆ ಪಾಠಕ್ಕೆ ‘ಉತ್ತಮ’ ಎಂಬ ಗ್ರೇಡ್ ಸಿಗುತ್ತದೆ.

ಮುಂದೆ ಲೆವೆಲ್ 12ಕ್ಕೆ 5 ವರ್ಷ, ಆಮೇಲೆ ಅಸೋಸಿಯೇಟ್ ಪ್ರೊಫೆಸರ್‌ಗೆ 3 ವರ್ಷ. ಪ್ರೊಫೆಸರ್ ಆಗಲು ಪ್ರಕಟವಾದ ಕನಿಷ್ಠ 10 ಸಂಶೋಧನಾ ಪ್ರಬಂಧ ಬೇಕು, ಈಗಿನಿಂದಲೇ ಬರೆಯಿರಿ.

ಸುಮ್ನೆ ಬಾಯಿಮಾತಲ್ಲಿ ಕೇಳಬೇಡಿ ಮೇಡಂ. ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.