ಓದುಗರ ಪ್ರಶ್ನೆ: ಊರಿಗೆ ಬಂದ ಫೈಬರ್ ಮನೆಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ತಾಲ್ಲೂಕಿನ ಗಡಿ ಕಡೆ ಕಾಫಿ ತೋಟ. ಪಂಚಾಯಿತಿ ಕಚೇರಿಗೆ ಫೈಬರ್ ಬಂದು ವರ್ಷಗಳೇ ಆದವು. ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮಗಳು ಬೆಂಗಳೂರಿನಿಂದ ಬಂದರೆ ಆಫೀಸ್ ಕೆಲಸಕ್ಕೆ ಗೋಣಿಕೊಪ್ಪಕ್ಕೆ ಹೋಗಿ ಕೂರಬೇಕು. ಕೇಳಿದರೆ ‘ನಿಮ್ಮ ಊರು ಕವರ್ ಆಗಿದೆ’ ಅಂತಾರೆ. ಸರ್ಕಾರ ಹಾಕಿದ ದುಡ್ಡು ನಮ್ಮವರೆಗೆ ಯಾಕೆ ಬರಲಿಲ್ಲ ಸರ್? ನಾವೇನು ಮಾಡಬಹುದು?
– ಓದುಗರೊಬ್ಬರು

ಉತ್ತರ: ‘ಕವರ್ ಆಗಿದೆ’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಲೆಕ್ಕ ಇಡುವ ರೀತಿ ನಮ್ಮ ಕೊಡಗಿಗೆ ಹೊಂದುವುದಿಲ್ಲ, ಅಷ್ಟೇ. ಹಳ್ಳಿ ಕಡೆಗೆ ಇಂಟರ್ನೆಟ್ ಫೈಬರ್ ಎಳೆಯಲು 2011ರಲ್ಲಿ ಕೇಂದ್ರ ಒಪ್ಪಿದ ಯೋಜನೆಗೆ ಈಗ ಭಾರತ್‌ನೆಟ್ ಅಂತ ಹೆಸರು. ಅದರ ಗುರಿ ಇದ್ದದ್ದೇ ಗ್ರಾಮ ಪಂಚಾಯಿತಿ. ಕಚೇರಿಯ ಗೋಡೆ ಮೇಲಿನ ಪೆಟ್ಟಿಗೆಗೆ ಫೈಬರ್ ಮುಟ್ಟಿದರೆ ಆ ಪಂಚಾಯಿತಿ ಮುಗಿಯಿತು ಅಂತ ಬರೆದುಕೊಳ್ಳುತ್ತಾರೆ. ಬಯಲುಸೀಮೆಯಲ್ಲಿ ಕಚೇರಿಯಿಂದ ಎರಡು ಬೀದಿ ದಾಟಿದರೆ ಊರೆಲ್ಲ ಸಿಗುತ್ತದೆ. ನಮ್ಮಲ್ಲಿ ಹಿರಿಯರ ಐನ್‌ಮನೆ ಒಂದು ಗುಡ್ಡದಲ್ಲಿ, ಕೂಲಿಯವರ ಲೈನ್ ಮನೆ ತೋಟದ ಇನ್ನೊಂದು ತುದಿಯಲ್ಲಿ, ಆದಿವಾಸಿಗಳ ಹಾಡಿ ಕಾಡಂಚಿನಲ್ಲಿ, ನಡುವೆ ಗದ್ದೆ, ತೋಡು. ಇದೆಲ್ಲ ಸೇರಿ ನಕ್ಷೆಯಲ್ಲಿ ಒಂದೇ ಚುಕ್ಕೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಅಮೆರಿಕದಲ್ಲಿ ಎಫ್‌ಸಿಸಿ ಅನ್ನುವ ಸರ್ಕಾರಿ ಸಂಸ್ಥೆ ಬ್ರಾಡ್‌ಬ್ಯಾಂಡ್ ನಕ್ಷೆ ಮಾಡುತ್ತದೆ. ಹಳೇ ನಕ್ಷೆಯಲ್ಲಿ ಒಂದು ಜನಗಣತಿ ಬ್ಲಾಕಿನ, ಅಂದರೆ ಗಣತಿಗಾಗಿ ಗುರುತಿಸಿದ ಒಂದು ಚಿಕ್ಕ ಪ್ರದೇಶದ, ಒಂದು ಮನೆಗೆ ಸೇವೆ ಇದ್ದರೂ ಸಾಕು, ಇಡೀ ಬ್ಲಾಕಿಗೆ ಇದೆ ಅಂತ ತೋರಿಸುತ್ತಿದ್ದರು. ಹಳ್ಳಿಗಾಡಿನವರು ಬೇಕಾದಷ್ಟು ಜಗಳ ಆಡಿದರು. 2020ರಲ್ಲಿ ಕಾನೂನು ಬಂತು, 2022ರ ನವೆಂಬರಿನಲ್ಲಿ ಒಂದೊಂದು ಮನೆಯನ್ನೂ ತೋರಿಸುವ ಹೊಸ ನಕ್ಷೆ ಬಂತು. ‘ನನ್ನ ಮನೆಗೆ ಇಲ್ಲ’ ಅಂತ ಮನೆಯವರೇ ತಕರಾರು ಹಾಕಬಹುದು. ಆಮೇಲೆ 4,245 ಕೋಟಿ ಡಾಲರ್‌ನ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹಂಚುವಾಗ ಆ ನಕ್ಷೆಯನ್ನೇ ಮುಂದಿಟ್ಟುಕೊಂಡರು. ನಕ್ಷೆಯಲ್ಲಿ ಇಲ್ಲದ ಮನೆಗೆ ದುಡ್ಡೂ ಇಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು.

ನಮ್ಮಲ್ಲೂ ಈಗ ಒಂದು ಬಾಗಿಲು ತೆರೆದಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಭಾರತ್‌ನೆಟ್ ತಿದ್ದುಪಡಿಗೆ 1,39,579 ಕೋಟಿ ರೂಪಾಯಿ ಒಪ್ಪಿದೆ. ಪಂಚಾಯಿತಿ ಕೇಂದ್ರ ಬಿಟ್ಟು ಉಳಿದ ಹಳ್ಳಿಗಳಿಗೆ, ಬೇಡಿಕೆ ಬಂದರೆ, ಫೈಬರ್ ಕೊಡಬೇಕು ಅಂತ ಅದರಲ್ಲಿದೆ. ‘ಬೇಡಿಕೆ ಬಂದರೆ’ ಅನ್ನುವುದನ್ನು ಗಮನಿಸಿ. ಸುಮ್ನೆ ಕೂತರೆ ಬೇಡಿಕೆ ಇಲ್ಲ ಅಂತಲೇ ಅರ್ಥ. ಈ ದುಡ್ಡು ಯಾರೋ ಕೊಡುವ ದಾನವೂ ಅಲ್ಲ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇ 5ರಷ್ಟನ್ನು ಒಂದು ನಿಧಿಗೆ ಕಟ್ಟುತ್ತವೆ. ಅದಕ್ಕೆ ಈಗ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು. ನೀವು ಮಾಡಿಸುವ ರೀಚಾರ್ಜ್‌ನ ಪಾಲೂ ಅದರಲ್ಲಿದೆ.

ಹಾಗಾಗಿ ನಿಮ್ಮ ಊರಿನ ನಕ್ಷೆ ನೀವೇ ಮಾಡಿ. ಫೋನಿನ ಮ್ಯಾಪಿನಲ್ಲಿ ಮನೆ ಇರುವ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶದ ಅಂಕಿ ಬರುತ್ತದೆ. ಅದನ್ನು ಬರೆದುಕೊಳ್ಳಿ. ಯಾವ ಸಿಮ್ ಹಿಡಿಯುತ್ತದೆ, ಮನೆವರೆಗೆ ಕರೆಂಟ್ ಕಂಬ ಇದೆಯಾ, ದಾರಿಯಲ್ಲಿ ಕಾಡು ಅಡ್ಡ ಬರುತ್ತದಾ, ಇವೂ ಬೇಕು. ಕಂಬ ಇದ್ದರೆ ಅನುಮತಿ ತಗೊಂಡು ಫೈಬರನ್ನು ಅದರ ಮೇಲೇ ಎಳೆಯಬಹುದು. ಕಾಡು ಬಂದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ. ಶುರು ಮಾಡುವುದು ಮಾತ್ರ ಹಾಡಿಯಿಂದ, ಲೈನ್ ಮನೆಗಳಿಂದ. ನಿಮಗೆ ಗೋಣಿಕೊಪ್ಪಕ್ಕೆ ಹೋಗಲು ಜೀಪಾದರೂ ಇದೆ. ರೇಷನ್ ಅಂಗಡಿಯಲ್ಲಿ ನೆಟ್ ಇಲ್ಲದೆ ಹೆಬ್ಬೆಟ್ಟು ತಗೊಳ್ಳದಿದ್ದರೆ ಅಲ್ಲಿಯವರು ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಮಾಡಿಸಿ. ಒಂದು ಪ್ರತಿ ಬಿಎಸ್‌ಎನ್‌ಎಲ್‌ಗೆ, ಇನ್ನೊಂದು ಜಿಲ್ಲಾಧಿಕಾರಿಗೆ. ಒಬ್ಬೊಬ್ಬರ ಅರ್ಜಿಗಿಂತ ಇದಕ್ಕೆ ತೂಕ ಜಾಸ್ತಿ.

ಮೊಬೈಲ್ ಸಿಗ್ನಲ್ ವಿಷಯ ಬೇರೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2024ರ ನಿಯಮದ ಪ್ರಕಾರ ಕಂಪನಿಗಳು ಎಲ್ಲೆಲ್ಲಿ ಸಿಗ್ನಲ್ ಇದೆ ಅಂತ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ನಿಮ್ಮ ತೋಟದ ಮೇಲೂ ಬಣ್ಣ ಬಳಿದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಕಂಪನಿಗೆ ದೂರು ಕೊಡಿ, ದೂರಿನ ನಂಬರ್ ಇಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗ ಇದೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ಇರುವ ನೆಟ್ಟೂ ಹೋಗುತ್ತದೆ. ಫೈಬರಿಗೆ ಮಳೆ ಏನು ಮಾಡುತ್ತದೆ?
– ಕಾಲೇಜು ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಗಾಜಿನ ಎಳೆಗೆ ಮಳೆಯಿಂದ ಏನೂ ಆಗುವುದಿಲ್ಲಮ್ಮ. ಪೆಟ್ಟು ತಿನ್ನುವುದು ಜಾಯಿಂಟು ಮತ್ತು ದಾರಿ. ನಾನು ಸರ್ವಿಸ್ ಪೂರ್ತಿ ಕೇಬಲ್ ಜಾಯಿಂಟ್ ಮಾಡಿದವನು. ಕೂದಲಿನಷ್ಟು ತೆಳುವಾದ ಎರಡು ತುದಿಗಳನ್ನು ಸ್ಪಿರಿಟಿನಿಂದ ಒರೆಸಿ, ನೇರ ಕತ್ತರಿಸಿ, ಮೆಷಿನ್ನಿನಲ್ಲಿ ಕರಗಿಸಿ ಕೂಡಿಸಬೇಕು. ಜುಲೈನಲ್ಲಿ ರಸ್ತೆ ಬದಿ ಟಾರ್ಪಾಲಿನ್ ಕೆಳಗೆ ಕೂತು ಮಾಡುವಾಗ ಒಂದು ಹನಿ ಬಿದ್ದರೂ ಮತ್ತೆ ಮೊದಲಿನಿಂದ. ಗುಡ್ಡ ಜಾರಿದರೆ ಹೂತ ಕೇಬಲ್ ಹರಿಯುತ್ತದೆ, ಸಿಲ್ವರ್ ಓಕ್ ಬಿದ್ದರೆ ಮೇಲಿನ ಲೈನು ಹರಿಯುತ್ತದೆ. ಭಾರತ್‌ನೆಟ್‌ನ ಹಳೇ ಲೈನು ಒಂದೇ ದಾರಿಯಲ್ಲಿ ಹೋಗುತ್ತದೆ. ಒಂದು ಕಡೆ ಕಟ್ ಆದರೆ ಮುಂದಿನ ಊರುಗಳೆಲ್ಲ ಬಂದ್. ಹೊಸ ಯೋಜನೆಯಲ್ಲಿ ರಿಂಗ್, ಅಂದರೆ ಸುತ್ತಿ ಬಂದು ಕೂಡುವ ಲೈನು, ಮಾಡಬೇಕು ಅಂತಿದೆ. ಆಗ ಒಂದು ಕಡೆ ಹರಿದರೂ ಇನ್ನೊಂದು ಕಡೆಯಿಂದ ಬರುತ್ತದೆ. ಕೊಡಗಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಕರೆಂಟ್ ಹೋದಾಗ ಮಾತ್ರ ನೆಟ್ ಹೋಗುತ್ತಿದ್ದರೆ ಮೊದಲು ಮನೆಯ ಪೆಟ್ಟಿಗೆ ನೋಡು. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ ರೌಟರಿಗೆ ಅಂತಲೇ ಸಿಗುವ ಚಿಕ್ಕ ಯುಪಿಎಸ್ ಹಾಕಿಸಿದರೆ ಕೆಲವು ಗಂಟೆ ನಡೆಯುತ್ತದೆ. ಆ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿದ್ದರೆ ಲೈನೇ ಕಟ್ ಆಗಿರಬಹುದು, ಆಗ ದೂರು ಕೊಡುವುದೊಂದೇ ದಾರಿ.