ಪುಣೆಯಲ್ಲಿರುವ ಮಗ

"ಮಗನನ್ನು ಒಂದು ವಾರದ ಮಟ್ಟಿಗೆ ಆಸ್ಪತ್ರೆಗೆ ಸೇರಿಸಬೇಕು ಮೇಡಂ. ಡಿಮ್ಹಾನ್ಸ್‌ನಲ್ಲಿ ಯಾರನ್ನು ಕಾಣಬೇಕು, ಹೇಳಿ."

ಡಿಮ್ಹಾನ್ಸ್ ಎಂದರೆ ಧಾರವಾಡದ ಮಾನಸಿಕ ಆಸ್ಪತ್ರೆ. ನನ್ನಲ್ಲಿ ಆಪ್ತಸಲಹೆಗೆ ಬಂದಿದ್ದ ಆ ತಾಯಿಯನ್ನು, ಏನಾಗಿದೆ ಎಂದು ಕೇಳಿದೆ.

"ಏನೂ ಆಗಿಲ್ಲ, ಆರಾಮಾಗಿದ್ದಾನೆ. ಮನೆಗೆ ಗೆಳತಿಯರು ಬರುವವರಿದ್ದಾರೆ."

ನಮ್ಮ ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ಆ ಹೆಸರು ಬಿಟ್ಟುಹೋಗುವುದಿಲ್ಲ. ಇಲ್ಲಿಯೂ ಅವರನ್ನು ಹಾಗೆಯೇ ಕರೆಯುತ್ತೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ತಾಯಿ ಒಪ್ಪಿದ್ದು ಸಾಲದೆಂದು ಮಗನನ್ನೂ ಕೇಳಿ, ಅವನು ಹೂಂ ಎಂದ ಮೇಲೆಯೇ ಬರೆಯಲು ಕುಳಿತಿದ್ದೇನೆ.

ಅಕ್ಕೋರಿಗೆ ಆಗ ಅರವತ್ತಾರು ವರ್ಷ. 1979ರಲ್ಲಿ ಬಿ.ಎಸ್ಸಿ. ಮುಗಿಸಿ, 34 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಯಜಮಾನರು ತೀರಿಕೊಂಡು ಏಳು ವರ್ಷವಾಗಿತ್ತು. ಮನೆಯಲ್ಲಿ ಅವರು ಮತ್ತು 39 ವರ್ಷದ ಮಗ, ಇಬ್ಬರೇ. 2020ರ ಲಾಕ್‌ಡೌನ್ ದಿನಗಳಲ್ಲಿ ಹಾಸ್ಟೆಲಿನ ಹಳೆಯ ಗೆಳತಿಯೊಬ್ಬರು ಒಬ್ಬೊಬ್ಬರದೇ ನಂಬರು ಹುಡುಕಿ ವಾಟ್ಸಾಪ್ ಗುಂಪು ಕಟ್ಟಿದರು. ಇಪ್ಪತ್ಮೂರು ಮಂದಿ ಸೇರಿದರು. ನಲವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆ ಮೊದಲ ವಾರದ ಬಗ್ಗೆ ಹೇಳುವಾಗ ಅಕ್ಕೋರ ಮುಖ ಅರಳುತ್ತಿತ್ತು. ಬಿಸಿನೀರಿಗೆ ಸರದಿ ನಿಂತದ್ದು, ರವಿವಾರದ ಗಿರ್ಮಿಟ್, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾಲ್ಕು ದಿನವಾದರೂ ಒಣಗದ ಸೀರೆಗಳು, ಎಲ್ಲವೂ ಮತ್ತೆ ಮಾತಿಗೆ ಬಂದಿದ್ದವು.

ಎರಡನೆಯ ವಾರ ಸಮಾಚಾರ ಹೇಳುವ ಸರದಿ. ಈ ವಯಸ್ಸಿನಲ್ಲಿ ಸಮಾಚಾರವೆಂದರೆ ಮಕ್ಕಳದು. ಯಾರ ಮಗಳು ಸಿಯಾಟಲ್‌ನಲ್ಲಿ, ಯಾರ ಮಗ ಬೆಂಗಳೂರಿನಲ್ಲಿ ಮನೆ ಕೊಂಡ, ಯಾರಿಗೆ ಎರಡನೆಯ ಮೊಮ್ಮಗು ಹುಟ್ಟಿತು. "ನಿನ್ನ ಮಗ ಎಲ್ಲಿದ್ದಾನೆ?" ಎಂದು ರೂಮಿನಲ್ಲಿ ಜೊತೆಗಿದ್ದ ಬೆಳಗಾವಿಯ ಗೆಳತಿ ಕೇಳಿದರು. "ಪುಣೆಯಲ್ಲಿ, ಕಂಪನಿಯಲ್ಲಿ" ಎಂದು ಅಕ್ಕೋರು ಬರೆದರು.

ಅದು ಒಂದು ಕಾಲಕ್ಕೆ ನಿಜವಾಗಿತ್ತು. 2009ರಲ್ಲಿ ಮಗ ಪುಣೆಯ ಕಂಪನಿಯೊಂದರಲ್ಲಿ ಹನ್ನೊಂದು ತಿಂಗಳು ಕೆಲಸ ಮಾಡಿದ್ದ. ಬರಬರುತ್ತ ಗೋಡೆಯಾಚೆ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನತೊಡಗಿದ, ನಿದ್ದೆ ಬಿಟ್ಟ, ಊಟದಲ್ಲಿ ಏನೋ ಬೆರೆಸುತ್ತಾರೆ ಎಂದ. ಅಪ್ಪ ಹೋಗಿ ಕರೆತಂದರು. ಸ್ಕಿಜೋಫ್ರೇನಿಯಾ ಎಂದು ವೈದ್ಯರು ಹೇಳಿದರು. ಎರಡು ಔಷಧಗಳು ನಾಟದ ಮೇಲೆ ಕ್ಲೋಜಪಿನ್ ಶುರುವಾಯಿತು. ಆ ಮಾತ್ರೆಯಿಂದ ಬಿಳಿ ರಕ್ತಕಣ ಇಳಿಯುವ ಅಪಾಯವಿರುವುದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ತಾಯಿ ಒಂದು ಸಲವೂ ತಪ್ಪಿಸಿಲ್ಲ. ಒಂಬತ್ತು ವರ್ಷಗಳಿಂದ ಆಸ್ಪತ್ರೆಗೆ ದಾಖಲಾಗುವ ಪ್ರಸಂಗವೇ ಬಂದಿರಲಿಲ್ಲ. ಈ ಕಾಯಿಲೆಯನ್ನು ಹತ್ತಿರದಿಂದ ಬಲ್ಲವರಿಗೆ ಆ ಒಂಬತ್ತು ವರ್ಷಗಳ ಬೆಲೆ ಗೊತ್ತು.

ಎರಡನೆಯ ಭೇಟಿಯಲ್ಲಿ ಅಕ್ಕೋರು ಚೀಲದಿಂದ ಒಂದು ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಶಾಲೆಯ ಪಾಠಟಿಪ್ಪಣಿಯ ಪುಸ್ತಕ. ಮುಂದಿನ ಪುಟಗಳಲ್ಲಿ ಒಂಬತ್ತನೆಯ ತರಗತಿಯ ಜೀವಕೋಶದ ಪಾಠ. ಹಿಂದಿನಿಂದ ತಿರುವಿದರೆ, ಅದೇ ಮುದ್ದಾದ ಅಕ್ಷರದಲ್ಲಿ, ಕಂಬಸಾಲು ಎಳೆದು, ತಾರೀಖು, ಕೇಳಿದವರ ಹೆಸರು, ತಾನು ಹೇಳಿದ್ದು. "ಬಡ್ತಿ ಆಯಿತೇ ಎಂದರು. ಆಯಿತು ಎಂದೆ." "ದೀಪಾವಳಿಗೆ ಬಂದಿದ್ದನೇ ಎಂದರು. ಎರಡು ದಿನ ಬಂದು ಹೋದ ಎಂದೆ." "ಜಾತಕ ಕೇಳಿದರು. ಹುಡುಕಿ ಕಳಿಸುತ್ತೇನೆ ಎಂದೆ." ಹೇಳಿದ್ದು ಮರೆತು ಬೇರೆ ಏನಾದರೂ ಹೇಳಿಬಿಟ್ಟೇನು ಎಂಬ ಭಯಕ್ಕೆ ಬರೆದಿಟ್ಟಿದ್ದರು. ಹದಿನೇಳು ಪುಟ ತುಂಬಿತ್ತು. ಓದುತ್ತ ನನ್ನ ಕಣ್ಣು ತುಂಬಿ ಬಂತು. ಆ ಪುಟಗಳಲ್ಲಿ ಅಕ್ಕೋರ ಬಗ್ಗೆ ಒಂದು ಸಾಲೂ ಇರಲಿಲ್ಲ. ಗೆಳತಿಯರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಈಗ ಗಂಡಾಂತರ ಬಂದದ್ದು ಹೀಗೆ. 2024ಕ್ಕೆ ಪದವಿ ಮುಗಿದು 45 ವರ್ಷ. ಧಾರವಾಡದಲ್ಲಿಯೇ ಸ್ನೇಹಸಮ್ಮಿಲನ ಎಂದು ತೀರ್ಮಾನವಾಯಿತು. ಊರಿನಲ್ಲಿ ಉಳಿದವರು ಅಕ್ಕೋರೊಬ್ಬರೇ. ನಾಲ್ವರು ಗೆಳತಿಯರು "ಹೋಟೆಲು ಬೇಡ, ನಿನ್ನ ಮನೆಯಲ್ಲೇ ಇಳಿಯುತ್ತೇವೆ" ಎಂದರು. ಸ್ಮರಣ ಸಂಚಿಕೆಗೆ ಒಂದು ನಮೂನೆ ತುಂಬಿ ಕಳಿಸಬೇಕಿತ್ತು: ಹೆಸರು, ಪತಿಯ ಉದ್ಯೋಗ, ಮಕ್ಕಳು ಎಲ್ಲಿದ್ದಾರೆ, ಏನು ಮಾಡುತ್ತಾರೆ. ಉಳಿದದ್ದು ಮೂರು ವಾರ. ಅಕ್ಕೋರಿಗೆ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ, ಊಟ ಅರ್ಧಕ್ಕರ್ಧ ಇಳಿದಿತ್ತು. ಅದನ್ನು ಮೊದಲು ಮನೋವೈದ್ಯರಿಗೆ ತೋರಿಸಿದೆವು.

ಆಸ್ಪತ್ರೆಯ ವಿಚಾರವನ್ನು ನಾನು ಮೊದಲ ದಿನವೇ ಖಂಡಿತವಾಗಿ ಅಲ್ಲಗಳೆದಿದ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಿಳಿದು ತೀರ್ಮಾನಿಸಬಲ್ಲ ವಯಸ್ಕ ತನ್ನ ಇಚ್ಛೆಯಿಂದ ದಾಖಲಾಗಬೇಕು. ಮನೆಯವರ ಅನುಕೂಲಕ್ಕೆ, ನೆಂಟರಿಷ್ಟರ ಕಣ್ಣು ತಪ್ಪಿಸುವುದಕ್ಕೆ ದಾಖಲು ಮಾಡಲು ಅಲ್ಲಿ ದಾರಿ ಇಲ್ಲ. ಕಾನೂನು ಇರಲಿ, ಒಂಬತ್ತು ವರ್ಷ ಮಾತ್ರೆ ತಪ್ಪಿಸದೆ ಮನೆಯಲ್ಲಿ ನಿಂತ ಮನುಷ್ಯನಿಗೆ ನಾವು ಕೊಡುವ ಬಹುಮಾನ ಅದಾಗಬಾರದು ಎಂದೆ. ಅಕ್ಕೋರು ಸೆರಗು ಕಣ್ಣಿಗೆ ಒತ್ತಿಕೊಂಡರು. ಸ್ವಲ್ಪ ಬಿರುಸಾಗಿ ಹೇಳಿದೆನೇನೋ ಅನ್ನಿಸಿತು, ಆದರೂ ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಅವರ ನಾಚಿಕೆಗೆ ಊರಿನ ಬೇರೂ ಇತ್ತು. ಉತ್ತರ ಕರ್ನಾಟಕದಲ್ಲಿ "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದರೆ ವಿವರಿಸಿ ಹೇಳಬೇಕಾಗಿಲ್ಲ, ಹುಚ್ಚು ಎಂದೇ ಅರ್ಥ. ಹಾಸ್ಟೆಲಿನ ಹುಡುಗಿಯರು ದಿನಕ್ಕೆ ಹತ್ತು ಸಲ ಆ ಮಾತಾಡಿ ನಗುತ್ತಿದ್ದರಂತೆ. "ನಾನೂ ನಕ್ಕಿದ್ದೇನೆ ಮೇಡಂ, ಎಲ್ಲರಿಗಿಂತ ಜೋರಾಗಿ" ಎಂದರು. ಆ ಗೆಳತಿಯರೆದುರು ಮಗನ ಕಾಯಿಲೆಯ ಹೆಸರು ನಾಲಿಗೆಗೆ ಬರಲಿಲ್ಲ. ಮಾತು ಬೆಳೆಸುತ್ತ ಹೋದಂತೆ ಇನ್ನೊಂದು ತಿಳಿಯಿತು. ಈಗ ಅವರನ್ನು ಹೆಚ್ಚು ಸುಡುತ್ತಿದ್ದದ್ದು ಕಾಯಿಲೆಯಲ್ಲ, ನಾಲ್ಕು ವರ್ಷದ ಸುಳ್ಳು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದರಿಂದ ಅದು ಎತ್ತಲಾರದಷ್ಟು ಭಾರವಾಗಿತ್ತು. ಗಂಟು ಬಿಚ್ಚಿ ಎರಡನ್ನೂ ಬೇರೆ ಬೇರೆ ಇಡುವುದಕ್ಕೇ ನಮಗೆ ಎರಡು ಭೇಟಿ ಹಿಡಿಯಿತು.

ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಕಂಡು, ಹೀಗೆ ಮುಗಿಯದ ದುಃಖಕ್ಕೆ 'ಅಸ್ಪಷ್ಟ ನಷ್ಟ' ಎಂಬ ಹೆಸರು ಕೊಟ್ಟರು. ದೇಹ ಸಿಗಲಿಲ್ಲ, ತಿಥಿ ಮಾಡುವಂತಿಲ್ಲ. ಮನುಷ್ಯ ಕಣ್ಣೆದುರಿಗಿದ್ದೂ ನಾವು ಬಲ್ಲವನಾಗಿ ಉಳಿಯದಿದ್ದಾಗಲೂ ಅದೇ ನೋವು ಎಂದು ಅವರು ವಿವರಿಸಿದ್ದಾರೆ. ಅಕ್ಕೋರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಪುಣೆಯವನಿಗೆ ನಾನು ಇಷ್ಟು ವರ್ಷ ಊಟ ಹಾಕಿದೆ" ಎಂದರು. ಈ ಪರಿಕಲ್ಪನೆಯನ್ನು ನಾನು ಗೌರವಿಸುತ್ತೇನೆ, ಆದರೆ ಎಚ್ಚರದಿಂದ ಬಳಸುತ್ತೇನೆ. ಇದರಲ್ಲಿ ಕಳೆದುಹೋದವನ ಲೆಕ್ಕ ಹಿಡಿಯುವ ಭರದಲ್ಲಿ ಮನೆಯಲ್ಲಿರುವವನು ಮರೆತುಹೋಗಬಾರದು. ಅದಕ್ಕೇ ಮುಂದಿನ ಸಲ ಮಗನನ್ನೂ ಕರೆತರಲು ಹೇಳಿದೆ.

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪತ್ರಿಕೆಯ ಪದಬಂಧದ ತುಂಡು. ಮಾತು ನಿಧಾನ. ಬೆಳಿಗ್ಗೆ ಹಾಲು ತರುವುದು, ಗಿಡಗಳಿಗೆ ನೀರು ಹಾಕುವುದು, ಮಧ್ಯಾಹ್ನದ ಅನ್ನ ಮಾಡುವುದು ತನ್ನ ಕೆಲಸವೆಂದ. ಅಕ್ಕೋರು ಗೆಳತಿಯರು ಬರುವ ವಿಷಯ ಎತ್ತಿ ತಡವರಿಸಿದರು. ಅವನು ತಾಯಿಯ ಕಡೆ ತಿರುಗಿ, "ಅವ್ವಾ, ಪುಣೆಯವನಿಗೆ ಈಗ ಸಂಬಳ ಎಷ್ಟು?" ಎಂದು ಕೇಳಿದ.

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಮೊಬೈಲು ಮನೆಯಲ್ಲಿ ಬಿದ್ದಿರುತ್ತದೆ, ಓದಿದ್ದ. ಕೊಂಕಿನಿಂದ ಕೇಳಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ. ನಾಲ್ಕು ವರ್ಷ ಅದೇ ಮನೆಯಲ್ಲಿ ತನಗಿಂತ ಮೇಲಾದ ಇನ್ನೊಬ್ಬ ಮಗನ ಜೊತೆ ಬಾಳಿದವನ ಪ್ರಶ್ನೆ ಅದು. ಅಕ್ಕೋರು ಮಾತಾಡಲಿಲ್ಲ. ಅವನ ಕೈ ಹಿಡಿದುಕೊಂಡು ಕುಳಿತರು.

ಸ್ವಲ್ಪ ಹೊತ್ತಿನ ನಂತರ ಅವನನ್ನು ಕೇಳಿದೆ: ನಿನ್ನ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು? ತನ್ನ ಕಾಯಿಲೆಯ ವಿವರ ಗುಟ್ಟಾಗಿರಬೇಕು ಎನ್ನುವ ಹಕ್ಕನ್ನು ಅದೇ 2017ರ ಕಾಯ್ದೆ ಅವನಿಗೆ ಕೊಟ್ಟಿದೆ. ತಾಯಿ ಇಷ್ಟು ದಿನ ಸುಳ್ಳು ಹೇಳಿದ್ದು ಅವನನ್ನು ಕೇಳದೆ. ಈಗ ನಿಜ ಹೇಳುವುದೂ ಅವನನ್ನು ಕೇಳದೆ ಆಗಬಾರದು. ಅವನು ಯೋಚಿಸಿ ಹೇಳಿದ: "ಆರಾಮಿಲ್ಲ, ಮನೆಯಲ್ಲಿದ್ದಾನೆ, ಔಷಧ ನಡೆದಿದೆ ಎಂದು ಹೇಳಲಿ. ಹೆಸರು ಬೇಡ. ಫೋಟೋ ಹಾಕುವುದು ಬೇಡ. ನನ್ನನ್ನೇ ಕೇಳಿದರೆ ನಾನೇ ಹೇಳುತ್ತೇನೆ."

ಇದರ ಮೇಲೆ ನಾನು ಕೊಟ್ಟ ಸಲಹೆ ನಿಂತಿತ್ತು. ಇಪ್ಪತ್ಮೂರು ಮಂದಿಯ ಮುಂದೆ ತಪ್ಪೊಪ್ಪಿಗೆ ಬರೆಯುವ ಅಗತ್ಯವಿಲ್ಲ. ಗುಂಪಿನಲ್ಲಿ ಹೊಸ ಸುಳ್ಳು ಸೇರಿಸುವುದನ್ನು ಇಂದಿನಿಂದ ನಿಲ್ಲಿಸಿ, ಆ ನೋಟುಪುಸ್ತಕಕ್ಕೆ ಇನ್ನು ಸಾಲು ಬೀಳುವುದು ಬೇಡ. ನಿಜವನ್ನು ಮೊದಲು ಒಬ್ಬರಿಗೆ, ಬೆಳಗಾವಿಯ ಗೆಳತಿಗೆ, ಫೋನ್ ಮಾಡಿ ಹೇಳಿ. ಬರೆದು ಕಳಿಸಬೇಡಿ, ಬರೆದದ್ದು ಊರೆಲ್ಲ ಸುತ್ತುತ್ತದೆ. ಹೇಳಬೇಕಾದ ಮಾತನ್ನು ಕೂತು ಕಟ್ಟಿದೆವು: "ಮಗ ಪುಣೆಯಲ್ಲಿಲ್ಲ. 2009ರಿಂದ ಅವನಿಗೆ ಆರಾಮಿಲ್ಲ, ನನ್ನ ಜೊತೆಯೇ ಇದ್ದಾನೆ, ಔಷಧ ನಡೆದಿದೆ. ನಿನಗೆ ಇಷ್ಟು ದಿನ ಸುಳ್ಳು ಹೇಳಿದೆ, ತಪ್ಪಾಯಿತು." ಇದಕ್ಕಿಂತ ಒಂದು ಮಾತೂ ಹೆಚ್ಚು ಬೇಡ ಎಂದೆ. ಮನೆಗೆ ನಾಲ್ವರಲ್ಲ, ಇಬ್ಬರು, ಒಂದೇ ರಾತ್ರಿ. ಅವನ ಮಾತ್ರೆ ಮತ್ತು ನಿದ್ದೆಯ ವೇಳೆ ಕೆಡಬಾರದು. ಯಾವ ದೇವರಿಗೆ ಹೋಗಿದ್ದಿರಿ, ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತು ಬಂದೇ ಬರುತ್ತದೆ. ಮದುವೆ ಚಿಕಿತ್ಸೆಯಲ್ಲ, ಆ ನಂಬಿಕೆಯಿಂದ ಎಷ್ಟು ಹೆಣ್ಣುಮಕ್ಕಳ ಬದುಕು ಹಾಳಾಗಿದೆ ಎಂಬುದನ್ನು ನಾನು ಈ ಕೋಣೆಯಲ್ಲಿ ಕುಳಿತು ಕೇಳಿದ್ದೇನೆ. "ಡಾಕ್ಟರಿಗೆ ತೋರಿಸುತ್ತಿದ್ದೇವೆ, ಗುಣ ಕಂಡಿದೆ" ಎಂದಷ್ಟೇ ಹೇಳಿ ಚಹಾ ತರಲು ಎದ್ದುಹೋಗಿ ಎಂದೆ.

ನಮೂನೆಯ ವಿಷಯದಲ್ಲಿ ಮಾತ್ರ ಅವರಿಗೆ ಮನೆಗೆಲಸ ಕೊಟ್ಟೆ. ಮಕ್ಕಳ ಕಂಬಸಾಲಿನಲ್ಲಿ ಒಂದೇ ಸಾಲು. ಉಳಿದ ಜಾಗದಲ್ಲಿ ನಿಮ್ಮ 34 ವರ್ಷ ಬರೆದು ತನ್ನಿ.

ಫೋನ್ ಮಾಡಿದ ದಿನ ನಾನು ಎಣಿಸದೇ ಇದ್ದದ್ದು ನಡೆಯಿತು. ಗೆಳತಿ ಸಮಾಧಾನ ಹೇಳಲಿಲ್ಲ, ಸಿಟ್ಟಾದರು. "ಹಾಗಾದರೆ ಆ ಹುಡುಗಿಯ ಮನೆಯವರಿಗೆ ನಾನೇನು ಹೇಳಲಿ?" ಎಂದು ಕೇಳಿ ಫೋನ್ ಇಟ್ಟರು. ಬೆಳಗಾವಿಯಲ್ಲಿ ತಮ್ಮ ಸಂಬಂಧಿಕರ ಮಗಳೊಬ್ಬಳಿಗೆ ಅವರು ಈ ಸಂಬಂಧದ ಮಾತು ಮುಟ್ಟಿಸಿದ್ದರು. ಆ ಹುಡುಗಿಯ ಮನೆಯವರು ಎರಡು ತಿಂಗಳಿನಿಂದ ಜಾತಕಕ್ಕೆ ಕಾಯುತ್ತಿದ್ದರು. "ಜಾತಕ ಕೇಳಿದರು" ಎಂಬ ಸಾಲನ್ನು ನಾನು ನೋಟುಪುಸ್ತಕದಲ್ಲಿ ಕಣ್ಣಾರೆ ಓದಿದ್ದೆ. ತಾಯಿಯ ದುಃಖದಲ್ಲಿ ಮುಳುಗಿ, ಈ ಸುಳ್ಳಿನ ಬಿಸಿ ಇನ್ನಾರಿಗೆ ತಟ್ಟಿದೆ ಎಂದು ಕೇಳದೆ ಬಿಟ್ಟಿದ್ದೆ. ಅದು ನನ್ನ ತಪ್ಪು. ಈಗ ಇಂಥ ಪ್ರಕರಣ ಬಂದರೆ ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳುತ್ತೇನೆ.

ಗೆಳತಿಗೆ ಉದ್ದುದ್ದ ಸಂದೇಶ ಕಳಿಸಬೇಡಿ, ಅವರ ಸಿಟ್ಟು ನ್ಯಾಯವಾದದ್ದು, ಆರಲು ಬಿಡಿ ಎಂದೆ. ಆದರೆ ಹುಡುಗಿಯ ಮನೆಯವರಿಗೆ ಹೇಳುವ ಹೊರೆ ಗೆಳತಿಯದಲ್ಲ. ನಂಬರು ಕೇಳಿ ಅಕ್ಕೋರೇ ಮಾತಾಡಿದರು: "ಈ ಸಂಬಂಧ ನಾವು ಮುಂದುವರಿಸುವುದಿಲ್ಲ. ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು." ಮಗನ ಕಾಯಿಲೆಯ ಸುದ್ದಿ ಎತ್ತಲಿಲ್ಲ. ನಂಬರು ಕೇಳಲು ಮಾಡಿದ ಆ ಚಿಕ್ಕ ಫೋನಿನಲ್ಲಿ ಗೆಳತಿ ಬೇರೇನೂ ಮಾತಾಡಿರಲಿಲ್ಲ. ಐದು ದಿನದ ಮೇಲೆ ತಾವಾಗಿಯೇ ಫೋನ್ ಮಾಡಿ, "ಅವನಿಗೆ ಕುಂದಾ ಸೇರುತ್ತದೆಯೇ?" ಎಂದು ಕೇಳಿದರಂತೆ. ಉಳಿದ ಮೂವರಲ್ಲಿ ಒಬ್ಬರು ಮನೆಗೆ ಬಂದರು, ಇಬ್ಬರು ಹೋಟೆಲಿನಲ್ಲಿ ಇಳಿದರು. ಅವರಲ್ಲಿ ಒಬ್ಬರ ಮಾತು ಇಂದಿಗೂ ಮೊದಲಿನಂತಿಲ್ಲ.

ಬಂದವರಿಗೆ ಮಗ ಚಹಾ ಕೊಟ್ಟ. "ಏಳೂವರೆಗೆ ಊಟ, ಒಂಬತ್ತಕ್ಕೆ ಮಾತ್ರೆ, ಆಮೇಲೆ ನನಗೆ ನಿದ್ದೆ ಬರುತ್ತದೆ, ಮಾತಾಡಲಿಲ್ಲ ಎಂದು ತಿಳಿಯಬೇಡಿ" ಎಂದು ಮೊದಲೇ ಹೇಳಿ ಇಟ್ಟ.

ನಮೂನೆಯಲ್ಲಿ ಅಕ್ಕೋರು ಬರೆದದ್ದನ್ನು ನನಗೆ ಓದಿ ಹೇಳಿದರು. ಮಕ್ಕಳು: ಒಬ್ಬ ಮಗ, ಧಾರವಾಡದಲ್ಲಿ ನನ್ನ ಜೊತೆ ಇದ್ದಾನೆ. ಉಳಿದ ಒಂದೂವರೆ ಪುಟ, ಶಾಲೆಗಿದ್ದ ಒಂದೇ ಒಂದು ಸೂಕ್ಷ್ಮದರ್ಶಕದ್ದು. ಈರುಳ್ಳಿಯ ತೆಳುಪೊರೆಯನ್ನು ಅಯೋಡಿನ್ ಹನಿಯಲ್ಲಿಟ್ಟು ಅರವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದರಂತೆ. ಒಬ್ಬ ಹುಡುಗಿ ನೋಡಿ ಮುಗಿಸಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಿದ್ದಳಂತೆ.

ಕೆಲಸ ಇನ್ನೂ ಉಳಿದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಪ್ರಮಾಣಪತ್ರ ಮಾಡಿಸಿದರೆ ತಾಯಿಯ ನಂತರ ಅವನಿಗೆ ಆಸರೆಯಾಗುತ್ತದೆ ಎಂದು ವೈದ್ಯರು ವರ್ಷಗಳಿಂದ ಹೇಳುತ್ತ ಬಂದಿದ್ದರು. ಅಂಗವಿಕಲರ ಕಾರ್ಡಿನ ಮೇಲೆ ಕಾಯಿಲೆ ಅಚ್ಚಾಗುತ್ತದೆ ಎಂಬ ಭಯಕ್ಕೆ ಅಕ್ಕೋರು ಅರ್ಜಿಯನ್ನೇ ಹಾಕಿರಲಿಲ್ಲ. ಮಗನೇ ಕಳೆದ ತಿಂಗಳು ಅರ್ಜಿ ತುಂಬಿದ. ತಪಾಸಣೆಯ ದಿನ ಬೆಳಗಾವಿಯ ಗೆಳತಿ ಜೊತೆಗೆ ಬರುತ್ತಾರಂತೆ. ಯಜಮಾನರ ಅಣ್ಣತಮ್ಮಂದಿರಿಗೆ ಇನ್ನೂ ಏನೂ ಹೇಳಿಲ್ಲ. ಈಗಲೇ ಹೇಳಬೇಕೆಂದು ನಾನೂ ಒತ್ತಾಯಿಸಿಲ್ಲ.