ಸಂಪಾದಕರ ಉತ್ತರ: ‘ನಾನ್ಯಾರು ಹೇಳು ನೋಡೋಣ’

ದಾವಣಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಗಂಡನಿಗೆ ಜ್ವರ, ತಲೆನೋವು ಶುರುವಾಗಿ ಮೂರನೇ ದಿನಕ್ಕೆ ಏನೇನೋ ಮಾತಾಡಿದರು, ಫಿಟ್ಸ್ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹರ್ಪಿಸ್ ಎನ್ಸೆಫಲೈಟಿಸ್, ಅಂದರೆ ಹರ್ಪಿಸ್ ವೈರಸ್‌ನಿಂದ ಮಿದುಳಿನ ಉರಿಯೂತ ಎಂದರು. ಇವತ್ತಿಗೆ ಹನ್ನೆರಡು ದಿನ. ಜ್ವರ ಇಳಿದಿದೆ. ಆದರೆ ನನ್ನನ್ನು ನಾದಿನಿಯ ಹೆಸರಿನಿಂದ ಕರೆಯುತ್ತಾರೆ, ಕೆಟ್ಟದಾಗಿ ಬೈಯುತ್ತಾರೆ. ಬೆನ್ನಿನ ನೀರು ಮತ್ತೆ ತೆಗೆಯಬೇಕಂತೆ. ಮನೆಯವರು ಬೇಡ, ಊರಿಗೆ ಕರೆತನ್ನಿ ಅನ್ನುತ್ತಾರೆ. ಹರ್ಪಿಸ್ ಎಂದದ್ದೇ ತಡ, ಅದು ಲೈಂಗಿಕ ಕಾಯಿಲೆ ಎಂದುಕೊಂಡು ನಾದಿನಿ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾಳೆ.’ ಉತ್ತರವನ್ನು ಅವರಿಗೆ ಅಂದೇ ಕಳಿಸಿದ್ದೆ. ಬೇರೆಯವರಿಗೂ ಬೇಕಾದೀತೆಂದು ಇಲ್ಲಿ ಹಾಕಿದ್ದೇನೆ.

ತಂಗೀ,

ಮೊದಲು ನಾದಿನಿಯ ವಿಷಯ ಮುಗಿಸೋಣ. ದೊಡ್ಡವರಲ್ಲಿ ಈ ಕಾಯಿಲೆ ತರುವುದು ಹೆಚ್ಚಾಗಿ ಹರ್ಪಿಸ್ ಒಂದನೇ ಬಗೆಯ ವೈರಸ್. ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಏಳುತ್ತಲ್ವಾ, ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಅದಿದೆ. ಚಿಕ್ಕಂದಿನಲ್ಲೇ ಬಂದು ಸುಮ್ನೆ ಮಲಗಿರುತ್ತದೆ. ನಾದಿನಿಯ ಮೈಯಲ್ಲೂ ಇರಬಹುದು, ನನ್ನಲ್ಲೂ. ಎಲ್ಲೋ ಒಬ್ಬರಿಗೆ ಮಿದುಳಿಗೆ ಏರುತ್ತದೆ. ಇದರಲ್ಲಿ ನಡತೆಯ ಮಾತೇ ಇಲ್ಲ.

ಊರಿಗೆ ಮಾತ್ರ ಈಗಲೇ ಕರೆದೊಯ್ಯಬೇಡಿ. ಎಂಟು ಗಂಟೆಗೊಮ್ಮೆ ಡ್ರಿಪ್‌ನಲ್ಲಿ ಹೋಗುವ ಅಸೈಕ್ಲೊವಿರ್ 14ರಿಂದ 21 ದಿನ ನಡೆಯಬೇಕು. ಮಾತ್ರೆ ನುಂಗಿದರೆ ಮಿದುಳಿಗೆ ಸಾಕಾಗುವಷ್ಟು ತಲುಪುವುದಿಲ್ಲ. ಈ ಔಷಧ ಬರುವ ಮುಂಚೆ ಹತ್ತರಲ್ಲಿ ಏಳು ಮಂದಿ ಉಳಿಯುತ್ತಿರಲಿಲ್ಲ. ಬೆನ್ನಿನ ನೀರು ಅಂದರೆ ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ. ಅದನ್ನು ಮತ್ತೆ ನೋಡುವುದು ವೈರಸ್ ಹೋಗಿದೆಯೋ ಇಲ್ಲವೋ ತಿಳಿಯಲಿಕ್ಕೆ ಇರಬೇಕು, ಡಾಕ್ಟರನ್ನು ಕೇಳಿ. ‘ಕಾಲು ಬಿದ್ದುಹೋಗುತ್ತೆ’ ಅನ್ನುವವರಿಗೆ ಹೇಳಿ: ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಹತ್ತಿರ. ತೆಗೆಯುವುದು ಒಂದೆರಡು ಚಮಚ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಮಾಡಿಕೊಳ್ಳುತ್ತದೆ.

ಇನ್ನು ಬೈಗುಳ. ಈ ವೈರಸ್ ಹೆಚ್ಚಾಗಿ ಹಿಡಿಯುವುದು ಕಣತಲೆಯ ಒಳಗಿರುವ ಮಿದುಳಿನ ಭಾಗವನ್ನು. ನೆನಪು, ಹೆಸರು, ಮಾತು, ಸಿಟ್ಟು ಎಲ್ಲ ಅಲ್ಲಿಯ ಕಾರಬಾರು.

ನನ್ನ ಅಣ್ಣನಿಗೂ ಇದೇ ಆಗಿತ್ತು. ನೋಡಲು ಬಂದವರೆಲ್ಲ ಎಳನೀರು ಕೆಳಗಿಟ್ಟು, ಮುಖದ ಮೇಲೆ ಬಾಗಿ, ‘ನಾನ್ಯಾರು ಹೇಳು ನೋಡೋಣ’ ಅನ್ನುತ್ತಿದ್ದರು. ಅಣ್ಣ ಹೊದಿಕೆಯ ಅಂಚನ್ನು ಕೀಳುತ್ತಾ ಕೂರುತ್ತಿದ್ದ. ಹಣೆಯಲ್ಲಿ ಬೆವರು. ನಾಲ್ಕನೆಯವರು ಕೇಳುವಷ್ಟರಲ್ಲಿ ಗೋಡೆಗೆ ತಿರುಗಿಬಿಡುತ್ತಿದ್ದ. ನಾನೂ ಬೆಳಿಗ್ಗೆ ಎದ್ದಕೂಡಲೇ ಅದನ್ನೇ ಕೇಳುತ್ತಿದ್ದೆ, ಸರಿಯಾಗಿ ಹೇಳಿದ ದಿನ ಮಾತ್ರ ಅಮ್ಮನಿಗೆ ಫೋನ್. ಡ್ರಿಪ್ ಬದಲಾಯಿಸಲು ಬಂದ ನರ್ಸ್ ಒಂದು ರಾತ್ರಿ ಅಂದರು, ‘ದಿನಾ ಪರೀಕ್ಷೆ ಯಾಕೆ ಇಡ್ತೀರಿ ಸರ್? ಉತ್ತರ ನೀವೇ ಹೇಳಿಬಿಡಿ.’

ಮರುದಿನದಿಂದ ಹಾಗೇ ಮಾಡಿದೆ. ‘ಅಣ್ಣಾ, ನಾನು ನಿನ್ನ ತಮ್ಮ. ಇದು ಆಸ್ಪತ್ರೆ. ಇವತ್ತು ಮಂಗಳವಾರ. ನಿನಗೆ ಹುಷಾರಿರಲಿಲ್ಲ, ಔಷಧ ನಡೀತಿದೆ.’ ದಿನಕ್ಕೆ ಹತ್ತು ಸಲ. ಹೊದಿಕೆ ಕೀಳುವುದು ಕಡಿಮೆಯಾಯಿತು. ನೀವೂ ವಾದಕ್ಕೆ ಹೋಗಬೇಡಿ. ಹೆಸರು ತಪ್ಪಿದರೆ, ‘ಅವಳು ಊರಲ್ಲಿದ್ದಾಳೆ, ನಾನು ನಿಮ್ಮ ಹೆಂಡತಿ’ ಎಂದು ನೀರಿನ ಲೋಟ ಕೈಗಿಡಿ.

ನೂರು ಪುಟದ ನೋಟ್‌ಬುಕ್ ಒಂದಿರಲಿ. ಫಿಟ್ಸ್ ಎಷ್ಟು ಹೊತ್ತಿಗೆ ಬಂತು, ಯಾವ ಕೈ ಮೊದಲು ಅದುರಿತು, ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರ ಬಂತು, ಎಲ್ಲ ಬರೆಯಿರಿ. ಅಸೈಕ್ಲೊವಿರ್ ಕಿಡ್ನಿಗೆ ಭಾರ, ಅದಕ್ಕೇ ಈ ಲೆಕ್ಕ.

ನೀವು ಮಲಗಿದ್ದು ಯಾವಾಗ? ಎರಡು ರಾತ್ರಿಗೊಮ್ಮೆಯಾದರೂ ಪಾಳಿ ಬಿಟ್ಟುಕೊಡಿ. ನಾದಿನಿಯನ್ನೇ ಕರೆಸಿ, ಹೇಗೂ ಅವಳ ಹೆಸರನ್ನೇ ಕೂಗುತ್ತಿದ್ದಾರೆ! ತೀರಾ ಕುಸಿದಂತೆ ಅನಿಸಿದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಡಿಸ್ಚಾರ್ಜ್ ಆದ ಮೇಲೂ ನೆನಪು ಮರಳಲು ತಿಂಗಳುಗಳು ಹಿಡಿಯಬಹುದು. ಪುನಶ್ಚೇತನ ಚಿಕಿತ್ಸೆ ಎಲ್ಲಿ ಎಂದು ಈಗಲೇ ಕೇಳಿಟ್ಟುಕೊಳ್ಳಿ. ನಿಮ್ಹಾನ್ಸ್‌ನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ನನ್ನ ಅಣ್ಣ ಮತ್ತೆ ಅಂಗಡಿಯಲ್ಲಿ ಕೂರುತ್ತಾನೆ, ಜೇಬಿನಲ್ಲಿ ಚೀಟಿ ಇಲ್ಲದೆ ತರಕಾರಿಗೆ ಹೋಗುವುದಿಲ್ಲ. ಆಸ್ಪತ್ರೆಯ ಆ ದಿನಗಳಲ್ಲಿ ಒಂದೂ ಅವನಿಗೆ ನೆನಪಿಲ್ಲ. ನಿಮ್ಮವರಿಗೂ ಬೈದದ್ದು ನೆನಪಿರಲಿಕ್ಕಿಲ್ಲ, ಮುಂದೆ ಅದನ್ನು ಎತ್ತಬೇಡಿ.

ಬೆನ್ನಿನ ನೀರಿನ ರಿಪೋರ್ಟ್ ಬಂದ ದಿನ ಒಂದು ಸಾಲು ಬರೆಯಿರಿ.